ಅರವತ್ತಕ್ಕಿಂತ ಕೆಳಗೆ

ಏಳನೇ ತರಗತಿಯ ಗಣಿತದಲ್ಲಿ ನಪಾಸಾದ ಮಗಳು ಸುಜಲಾಳನ್ನು ಗದರಿ, ಅವಳಿಗೆ ಮೂರು ದಿನ ಜ್ವರ ಬರಿಸಿದ್ದ ಬಸ್ ಮೆಕ್ಯಾನಿಕ್ ತಿಪ್ಪೇಸ್ವಾಮಿ, ಅಂಕದ ವಿಷಯಕ್ಕೆ ಇನ್ನೆಂದೂ ದನಿ ಎತ್ತುವುದಿಲ್ಲ ಎಂದು ಆಗ ಮಾತು ಕೊಟ್ಟಿದ್ದ.

ಈಗ ಅಪ್ಪ ಮಗಳು ಎಂ.ಎಸ್ಸಿ. ಅರ್ಜಿಯ ಸಾಲಿನಲ್ಲಿ ನಿಂತಿದ್ದರು. ಕಲಿತದ್ದು ಮರೆತಂತೆಲ್ಲ ಅಂಕಪಟ್ಟಿಯ ಅಂಕಿಗಳೂ ಇಳಿಯುತ್ತಿದ್ದುದರಿಂದ, ಸಾಲಿನಲ್ಲಿದ್ದವರೆಲ್ಲ ಹಳೆಯ ಪಾಠಗಳನ್ನು ಗೊಣಗುತ್ತಿದ್ದರು. ಕಿಟಕಿ ಮುಟ್ಟಿದಾಗ ಪಟ್ಟಿಯಲ್ಲಿ ಎಷ್ಟಿರುತ್ತದೋ ಅಷ್ಟೇ ಲೆಕ್ಕ. ಶೇಕಡಾ ಅರವತ್ತಿಲ್ಲದಿದ್ದರೆ ಅರ್ಜಿ ವಾಪಸ್ಸು. ಪದವಿ ಮುಗಿಸಿದ ಮೇಲೆ, ಹಾಸಿಗೆ ಹಿಡಿದ ಅಮ್ಮನ ಆರೈಕೆಯನ್ನು ಎರಡು ವರ್ಷ ಮಾಡಿದ ಸುಜಲಾಳ ಎಪ್ಪತ್ತೆಂಟು, ಅರವತ್ತೊಂದಕ್ಕೆ ಬಂದು ನಿಂತಿತ್ತು. ಮುಂದಿನ ವರ್ಷಕ್ಕೆ ಅಷ್ಟೂ ಉಳಿಯುವುದಿಲ್ಲ.

"ಅಂಕಲ್, ನೀವು ಪಟ್ಟೀನ ಹಂಗೆ ದಿಟ್ಟಿಸಿದ್ರೆ ಅಂಕಿ ನಾಚ್ಕೊಂಡೇ ಇಳಿಯುತ್ತೆ," ಎಂದು ಹಿಂದಿದ್ದ ಹುಡುಗಿ ನಕ್ಕಳು. ತಿಪ್ಪೇಸ್ವಾಮಿಗೆ ನಗು ಬರಲಿಲ್ಲ. ಅವನು ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

ಮುಂದೆ ಇಬ್ಬರೇ ಉಳಿದಿದ್ದಾಗ ಅಂಕಿ ಅರವತ್ತಕ್ಕೆ ಜಾರಿತು.

"ಆ ಕಿಣ್ವದ ಪಾಠ ಹೇಳ್ಕಾ ಮಗಾ," ಎಂದ.

"ಹೇಳ್ತಿದೀನಪ್ಪಾ... ತಡಿ, ನಾಲಿಗೆ ತುದೀಲೇ ಇದೆ."

"ಏನೇ ನಾಲಿಗೆ ತುದಿ! ಮೂರು ವರ್ಷ ಕಾಲೇಜಲ್ಲಿ ಮಣ್ಣು ಹೊತ್ತಿದ್ದೇನು?"

ಇಡೀ ಸಾಲು ತಿರುಗಿ ನೋಡಿತು. ಸುಜಲಾಳ ತುಟಿ ಅಲ್ಲಾಡುವುದು ನಿಂತಿತು. ಇಬ್ಬರ ಕಣ್ಣೆದುರಿಗೇ ಪಟ್ಟಿ ಐವತ್ತೆಂಟಾಯಿತು. ಅವರ ಸರದಿ ಬಂದಾಗ ಕಿಟಕಿಯ ಗುಮಾಸ್ತ ಪಟ್ಟಿ ನೋಡಿ, ಅರ್ಜಿಯನ್ನು ಮುಟ್ಟದೆಯೇ, "ಮುಂದಿನವರು ಬನ್ರೀ," ಎಂದ.

ತಿಪ್ಪೇಸ್ವಾಮಿ ಕೊಟ್ಟ ಮಾತಿಗೆ ತಪ್ಪಿದ್ದ.