ಕಡುಗೆಂಪು ಜಾಗ

ಆ ಕಾಡಿನಲ್ಲಿ ಮರಗಳ ಹೆಸರು ಜಡಿಯನಷ್ಟು ಬಲ್ಲವರು ಇರಲಿಲ್ಲ. ಅವನು ತೋರಿಸಿದ ಒಂದೊಂದು ಮರಕ್ಕೂ ಅರಣ್ಯ ಇಲಾಖೆಯ ಸರ್ವೆ ಸಾಹೇಬರು ಯಂತ್ರದಲ್ಲಿ ಒಂದೊಂದು ಚುಕ್ಕೆ ಒತ್ತಿಕೊಂಡರು. ನಕ್ಷೆಯಾದರೆ ಕಲ್ಲುಗಣಿಯವರು ಬೆಟ್ಟ ಮುಟ್ಟುವಂತಿಲ್ಲ ಎಂದಿದ್ದರು. ಆ ಒಂದು ಮಾತಿಗೆ ಅವನು ಕಾಲು ಒಡೆದರೂ ನಿಲ್ಲದೆ ಮೂರು ತಿಂಗಳು ನಡೆದ. ತನ್ನ ಹಾಡಿಯ ಗುಡಿಸಲುಗಳ ಸುತ್ತಲಂತೂ ಒಂದು ಗಿಡವನ್ನೂ ಬಿಡದೆ ತೋರಿಸಿದ.

ಕೊನೆಗೆ ಸಾಹೇಬರು ನಕ್ಷೆಯಿದ್ದ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಹಸಿರು, ಹಳದಿ, ನಡುವೆ ಕೆಂಡದಂಥ ಒಂದು ಕೆಂಪು.

"ಮರ ಒತ್ತಾಗಿದ್ದು, ಜಾತಿಯೂ ಹೆಚ್ಚಿದ್ದರೆ ಕೆಂಪು ಬರುತ್ತೆ ಕಣಯ್ಯಾ. ಇಷ್ಟೊಂದು ಜಾತಿ ಒಂದೇ ಕಡೆ ಹೇಗೆ ಬಂತೋ!"

"ತಾನಾಗಿ ಬಂದದ್ದಲ್ಲ ಬುದ್ಧಿ, ನಮ್ಮ ತಾತಂದಿರು ನೆಟ್ಟದ್ದು. ಅದು ನಮ್ಮ ಹಾಡಿ. ಹಂಗಾರೆ ಬೆಟ್ಟ ಉಳೀತಾ?"

"ಉಳೀತು. ಗಣಿ ರದ್ದು."

ಅವತ್ತು ಹಾಡಿಗೆ ಹಾಡಿಯೇ ಕುಣಿಯಿತು.

ಎಂಟನೇ ದಿನ ಗಾರ್ಡು ಬಂದು ಜಡಿಯನ ಬಾಗಿಲಿಗೆ ಒಂದು ಕಾಗದ ಅಂಟಿಸಿದ.

"ಏನು ಬರ್ದವ್ರೆ, ಓದಪ್ಪಾ."

"ಕೆಂಪು ಬಂದ ಕಡೆ ಮನುಷ್ಯರು ಇರಬಾರದಂತೆ. ತಿಂಗಳೊಳಗೆ ಜಾಗ ಖಾಲಿ ಮಾಡಿ."