ಆಯಿಯ ಜೋಗುಳ

ಮೊದಲ ತುತ್ತು ಉಣಿಸಿದವರ ದನಿ ಮಗುವಿನ ಕರುಳಿನ ಸೂಕ್ಷ್ಮಾಣುಗಳಲ್ಲಿ ಉಳಿಯುತ್ತದೆ. ನನ್ನ ನೀಲಾಳ ಹೊಟ್ಟೆಯಲ್ಲಿ, ತೀರಿಹೋದ ನನ್ನ ಅವ್ವನ, ಅಂದರೆ ಅವಳ ಆಯಿಯ, ಜೋಗುಳ. ಈಚೆಗೆ ಅದು ಜೋರಾಗಿದೆ. ಉಂಡರೆ ಹೊಟ್ಟೆ ಉಬ್ಬುತ್ತದೆ, ಮಗಳು ಕಡ್ಡಿಯಾಗಿದ್ದಾಳೆ.

ಸಕ್ಕರೆ ನೀರು ಕುಡಿಸಿ, ನಳಿಗೆಯಲ್ಲಿ ಉಸಿರು ಊದಿಸಿ ನೋಡಿದ ಡಾಕ್ಟರು ಹೇಳಿದರು, "ದೊಡ್ಡ ಕರುಳಿನಾಗ ಇರೋ ಸೂಕ್ಷ್ಮಾಣು ಸಣ್ಣ ಕರುಳಿನಾಗ ತುಂಬ್ಯಾವ್ರಿ. ಈ ಗುಳಗಿ ಕೊಡ್ರಿ. ಹಾಡು ನಿಂತರ ಗುಣ ಆತು ಅನ್ರಿ."

ಗುಳಿಗೆ ಕಂಡು ನೀಲಾ ಬಾಯಿ ಮುಚ್ಚಿಕೊಂಡಳು. "ಆಯಿ ಸುಮ್ಮನಾಗ್ತಾಳೇನವ್ವಾ?"

"ಹೂಂ, ನನ್ನ ಕೂಸ. ನೀ ಉಣಬೇಕಲ್ಲ."

ನುಂಗಿದಳು. ದಿನದಿಂದ ದಿನಕ್ಕೆ ದನಿ ಸಣ್ಣಗಾಯಿತು. ಇವತ್ತು ತಾನಾಗಿಯೇ ಮತ್ತೆ ಅನ್ನ ಕೇಳಿದಳು. ಬಡಿಸುವ ಮೊದಲು ಅವಳ ಹೊಟ್ಟೆಗೆ ಕಿವಿಯಿಟ್ಟೆ.

"ನನಗ ಕೇಳವಲ್ದವ್ವಾ. ನಿನಗ?"

"ಕೇಳತದ," ಎಂದು ಸುಳ್ಳು ಹೇಳಿ, ಮೊಸರನ್ನ ಕಲಸಿದೆ.