ಕರಡಗುಂಡದ ಮಂದಿ

ಬಿ.ಆರ್. ಸರ್ ಒಳಗೆ ಕರೆಯುತ್ತಿದ್ದಾರೆ ಎಂದು ಯಾರೋ ಬಂದು ಹೇಳಿದಾಗಲೇ ಗುಟ್ಟು ಬಯಲಾಯಿತೆಂದು ಶಿವಕುಮಾರಿಗೆ ಖಾತ್ರಿಯಾಯಿತು. ಕೊರಳಲ್ಲಿದ್ದ ಆಫೀಸಿನ ಕಾರ್ಡನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವರು ಕೇಳುವ ಮೊದಲೇ ಕೊಟ್ಟುಬಿಡಬೇಕು.

ಮುಂಬೈನ ಸಾಯನ್‌ನ ಆ ಆರನೇ ಮಹಡಿಯಲ್ಲಿ ಹಿಂದಿ ವೆಬ್ ಸರಣಿಯೊಂದರ ಕಥೆ ತಯಾರಾಗುತ್ತಿತ್ತು. ಎಲ್ಲೋ ದೂರದ ಗ್ರಹ, ಅಲ್ಲಿನ ಜೀವಿಗಳು, ಅವರ ಮೇಲೆ ದಂಡೆತ್ತಿ ಹೋಗುವ ಭೂಮಿಯ ವೀರ. ಕಡೆಯ ಕಂತಿನಲ್ಲಿ ಗ್ರಹವೇ ಸ್ಫೋಟ. ಸಾಯುವವರಿಗೆ ಮಾತ್ರ ಇನ್ನೂ ಹೆಸರಿರಲಿಲ್ಲ. ಬರಹಗಾರರಲ್ಲಿ ಎಲ್ಲರಿಗಿಂತ ಕಿರಿಯಳಾದ ಶಿವಕುಮಾರಿಯ ಪಾಲಿಗೆ ಆ ಕೆಲಸ ಬಂತು.

ಮುಖ್ಯ ಬರಹಗಾರ್ತಿ ಸಪ್ನಾ ದಾರಿ ತೋರಿಸಿದಳು. ಆ ಜೀವಿಗಳು ನೆಲ ಅಗೆಯುತ್ತವೆ, ಕಲ್ಲು ಹೊರುತ್ತವೆ, ಅಷ್ಟೇ. ಹೆಸರು ಕಿವಿಗೆ ಒರಟಾಗಿ ಬಡಿಯಬೇಕು. ಪಕ್ಕದಲ್ಲಿ ಏಳುತ್ತಿದ್ದ ಬಿಲ್ಡಿಂಗಿನತ್ತ ಕೈ ತೋರಿಸಿ, ಅಲ್ಲಿ ಕೂಲಿಗಳು ಕೂಗಾಡುತ್ತಾರಲ್ಲ, ಅಂಥದ್ದೇ ಸದ್ದು ಬೇಕು ಎಂದಳು. ಎಲ್ಲರೂ ನಕ್ಕರು. ನಿರ್ಮಾಪಕ ಬಿ.ಆರ್. ಮಾತ್ರ ಎದ್ದುಹೋಗಿ ಕಿಟಕಿ ಮುಚ್ಚಿದರು. ಇಂಗ್ಲಿಷ್ ಬಿಟ್ಟರೆ ನಯವಾದ ಹಿಂದಿ, ಇಷ್ಟೇ ಆಡುವ ಆ ಮನುಷ್ಯನಿಗೆ ಕೂಲಿಗಳ ದನಿಯೂ ಸೇರದು ಎಂದುಕೊಂಡಳು ಶಿವಕುಮಾರಿ.

ಕೂಲಿಗಳ ಆ ದನಿ ಯಾದಗಿರಿ ಕಡೆಯ ಕನ್ನಡದ್ದು. ಅವಳ ಅವ್ವ ಸುಂದ್ರವ್ವ ಅಂಥವೇ ಬಿಲ್ಡಿಂಗುಗಳಿಗೆ ಇಪ್ಪತ್ತು ವರ್ಷ ಸಿಮೆಂಟು ಹೊತ್ತು, ಧಾರಾವಿಯ ಒಂದೇ ಖೋಲಿಯಲ್ಲಿ ಮಗಳನ್ನು ಓದಿಸಿದ್ದಳು. ಆಫೀಸಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಇಂಥ ಕಥೆಗಳಲ್ಲಿ ಹೆಸರು ಹೇಗಿಡುತ್ತಾರೆಂದು ಅವಳು ಎರಡು ದಿನ ಹುಡುಕಿದಳು. ಒಂದು ಗ್ರಹಕ್ಕೆ ನಕ್ಷತ್ರದ ನಂಬರು, ಇನ್ನೊಂದು ಕುಲಕ್ಕೆ ಕ್ಯಾಕರಿಸಿದಂಥ ನಾಲ್ಕು ಅಕ್ಷರ. ಹೆಚ್ಚಿನವು ಕೊಲ್ಲಲು ಹೋದವರು ಇಟ್ಟ ಹೆಸರುಗಳು. ಆ ಜೀವಿಗಳು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತವೆಯೋ, ಕೇಳುವ ಗೋಜಿಗೆ ಹೋದವರು ಕಡಿಮೆ. ಅದನ್ನೇ ಅವ್ವನನ್ನು ಕೇಳಿದಳು. ಸುಂದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನಾವು ಮಂದಿ ಅಂತಾರ. ಮತ್ತೇನಂತಾರ?”

ಮರುದಿನ ಮೀಟಿಂಗಿನಲ್ಲಿ ಶಿವಕುಮಾರಿ ಎರಡೇ ಹೆಸರು ಓದಿದಳು. ಜೀವಿಗಳು ಮಂದಿ. ಗ್ರಹ ಕರಡಗುಂಡ, ಅಂದರೆ ಅವ್ವನ ಊರು. ಗ್ರಹದ ಹೆಸರಿನಲ್ಲಿ ಗೂಂಡಾ ಕೇಳಿಸಿ ಸಪ್ನಾಗೆ ಖುಷಿಯೋ ಖುಷಿ. ಆದರೆ ಹಿಂದಿಯಲ್ಲಿ ಮಂದಿ ಎಂದರೆ ವ್ಯಾಪಾರ ಬಿದ್ದುಹೋಗುವುದು, ಅಪಶಕುನ, ಅದನ್ನು ಬದಲಿಸು ಎಂದಳು. ಬಿ.ಆರ್. ಫೋನಿನಿಂದ ತಲೆಯೆತ್ತಿ ಇನ್ನೊಮ್ಮೆ ಹೇಳಲು ಹೇಳಿದರು. ಹೇಳಿದಳು. ಮತ್ತೊಮ್ಮೆ ಹೇಳಿಸಿದರು. ಇದು ಯಾವ ಭಾಷೆ ಎಂದು ಕೇಳಿದರು. ಯಾವುದೂ ಅಲ್ಲ, ಸುಮ್ಮನೆ ಕಟ್ಟಿದ್ದು ಎಂದು ಶಿವಕುಮಾರಿ ಕಣ್ಣು ತಗ್ಗಿಸದೆ ಸುಳ್ಳು ಹೇಳಿದಳು.

ಒಂದು ತಾಸಿನಲ್ಲೇ ಈ ಕರೆ ಬಂದಿತ್ತು.

ಕ್ಯಾಬಿನ್ನಿನಲ್ಲಿ ಬಿ.ಆರ್. ಒಬ್ಬರೇ ಇದ್ದರು. ಮೇಜಿನ ಮೇಲೆ ಕಡೆಯ ಕಂತಿನ ಹಾಳೆಗಳು. ಆ ಎರಡು ಹೆಸರು ಎಲ್ಲಿಂದ ತಂದೆ, ನಿಜ ಹೇಳು ಎಂದರು ಹಿಂದಿಯಲ್ಲಿ. ಅವಳು ಕಾರ್ಡನ್ನು ಮೇಜಿನ ಮೇಲಿಟ್ಟು, ಹಿಂದಿಯಲ್ಲೇ ಉತ್ತರ ಕೊಟ್ಟಳು.

“ಅದು ನಮ್ಮ ಅವ್ವನ ಊರು, ಸರ್. ಮಂದಿ ಅಂದರೆ ಮನುಷ್ಯರು. ನಿಮ್ಮ ವೀರ ಅವರನ್ನು ಸಾಯಿಸುವುದಾದರೆ ಆ ಹೆಸರು ಹಿಡಿದು ಕೂಗಿಯೇ ಸಾಯಿಸಲಿ. ನಾನಂತೂ ಬದಲಿಸುವುದಿಲ್ಲ.”

ತಾನಾಡಿದ ಮಾತಿಗೆ ಅವಳಿಗೇ ಆಶ್ಚರ್ಯವಾಯಿತು.

ಬಿ.ಆರ್. ಮುಂದಿದ್ದ ಹಾಳೆಗಳನ್ನೆಲ್ಲ ಒಟ್ಟಿಗೆ ಎತ್ತಿಕೊಂಡು ಅಡ್ಡಕ್ಕೆ ಹರಿದರು. ಮುಗಿಯಿತು ಎಂದುಕೊಂಡು ಅವಳು ಬಾಗಿಲ ಕಡೆ ತಿರುಗಿದಳು.

“ನನ್ನ ಹೆಸರು ಭೀಮರಾಯ, ಕರಡಗುಂಡದ ಬಾಜೂಕ ನಮ್ಮೂರು,” ಎಂದರು ಅವರು. “ನಮ್ ಮಂದಿ ಅಷ್ಟ್ ಸಸಾರ ಸಾಯಂಗಿಲ್ಲ, ತಂಗಿ. ಕಡೀ ಕಂತು ನೀನ ಬರಿ.”